ಹೆಂಗಸರಿಗೆ ಬಾರದ ಹುಣ್ಣು

ರೋಗಿ ಬಾಯಿ ಬಿಡುವ ಮೊದಲೇ ಅವನ ಸೀಮೆ ಯಾವುದೆಂದು ಹೇಳುತ್ತಿದ್ದೆ ನಾನು. ಜಂಬ ಎಂದರೆ ಜಂಬವೇ ಸರಿ, ಸುಳ್ಳಂತೂ ಅಲ್ಲ. ಮಹಾರಾಜರ ಸರ್ಕಾರದ ದವಾಖಾನೆಗಳಲ್ಲಿ ಕಾಂಪೌಂಡರಾಗಿ ಮೊದಲು ತರೀಕೆರೆ, ಆಮೇಲೆ ಅಜ್ಜಂಪುರ, ಕೊನೆಗೆ ಕಡೂರು ಎಂದು ಮೂರು ಕಡೆ ಔಷಧ ಕಲಸಿದವನು ನಾನು. ತರೀಕೆರೆಯಲ್ಲಿ ಕಾಡಿನಂಚಿನವರು ಚಳಿಜ್ವರ ಹೊತ್ತು ಬರುತ್ತಿದ್ದರು. ಎಡಪಕ್ಕೆಯ ಕೆಳಗೆ ಕೈಯಿಟ್ಟರೆ ಜ್ವರಕ್ಕೆ ಊದಿದ ಗಡ್ಡೆ ಸಿಗುತ್ತಿತ್ತು. ಅಜ್ಜಂಪುರದಲ್ಲಿ ಚಳಿಜ್ವರದ ಕ್ವಿನೈನ್ ಬಾಟಲಿ ಧೂಳು ಹಿಡಿದು ಕೂತಿತ್ತು, ಅಲ್ಲಿ ಕಣ್ಣುನೋವಿನವರದೇ ಸಾಲು. ಕಡೂರಿಗೆ ಬಂದರೆ ನಾರುಹುಣ್ಣು.

ಕೆಟ್ಟ ನೀರಿನೊಡನೆ ಹೊಟ್ಟೆಗೆ ಸೇರಿದ ಹುಳು ವರ್ಷ ತುಂಬುವ ಹೊತ್ತಿಗೆ ಮೊಳದುದ್ದ ಬೆಳೆದು, ಕಾಲಿನ ಚರ್ಮ ಒಡೆದು ಬಿಳಿ ದಾರದ ಹಾಗೆ ಹೊರಗೆ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಆತುರಪಟ್ಟು ತುಂಡಾದರೆ ಒಳಗುಳಿದದ್ದು ಕೀವಾಗಿ ಕಾಲನ್ನೇ ಕೆಡಿಸುತ್ತದೆ. ಈ ಹುಣ್ಣಿನವರು ಹೆಚ್ಚಾಗಿ ಬರುತ್ತಿದ್ದುದು ಯಗಟಿಯಿಂದಾಚೆಯ ಒಂದು ಹಳ್ಳಿಯಿಂದ. ಅದೇ ನನ್ನ ಹೆಂಡತಿಯ ತವರು. ಅವಳನ್ನು ರೇಗಿಸಲು ನನಗೆ ಬೇರೇನು ಬೇಕು? "ನಿಮ್ಮೂರಿನವರು ಬಳುವಳಿಗೆ ಹಸು ಕೊಡಲಿಲ್ಲ, ಸದ್ಯ ನಾರುಹುಣ್ಣನ್ನೂ ಕೊಡಲಿಲ್ಲ" ಎನ್ನುತ್ತಿದ್ದೆ. ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ನಾನು ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನಮ್ಮ ಡಾಕ್ಟರು ನನ್ನನ್ನು ಕರೆದರು. ಆ ಹಳ್ಳಿಯಲ್ಲಿ ನೀರಿಗೆ ಎರಡೇ ಜಾಗ. ಊರೊಳಗೊಂದು ಮೆಟ್ಟಿಲು ಬಾವಿ. ಕೊಡ ಹಿಡಿದು ಮೆಟ್ಟಿಲಿಳಿದು, ನೀರಿಗೆ ಕಾಲಿಟ್ಟೇ ತುಂಬಿಕೊಳ್ಳಬೇಕು. ಊರಾಚೆ ಹೊಲದ ಬಳಿ ಒಂದು ಕಟ್ಟೆ. ಉಳುವವರು, ಕುರಿ ಮೇಯಿಸುವವರು ಬಾಯಾರಿದಾಗ ಬೊಗಸೆಯಲ್ಲಿ ಕುಡಿಯುವುದು ಅಲ್ಲಿ.

"ತಾಲ್ಲೂಕಿನ ಅಮಲ್ದಾರರು ಎರಡರಲ್ಲಿ ಒಂದನ್ನ ಮಾತ್ರ ಸರಿಮಾಡಿಸ್ತಾರಂತೆ ಕಣಯ್ಯಾ. ರೋಗ ಯಾವುದರಿಂದ ಬರ್ತಿದೆ ಅಂತ ನಿನ್ನ ರಿಜಿಸ್ಟರ್ ನೋಡಿ ಹೇಳು" ಎಂದರು.

ಇಂಥ ಕೆಲಸವೆಂದರೆ ನನಗೆ ಹಬ್ಬ. ಹಾಳೆ ಹಾಳೆ ತಿರುವಿದೆ. ಆ ಹಳ್ಳಿಯಿಂದ ನಾರುಹುಣ್ಣಿಗೆ ಬಂದವರೆಲ್ಲ ಗಂಡಸರು. ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರು ದವಾಖಾನೆಗೆ ಬರುವುದೇ ಇಲ್ಲವೇನೋ ಎನ್ನೋಣವೆಂದರೆ, ಅದೇ ಹಳ್ಳಿಯಿಂದ ಕೆಮ್ಮಿಗೆ, ಕಣ್ಣಿಗೆ, ಮಕ್ಕಳ ಭೇದಿಗೆ ಬಂದ ಹೆಂಗಸರ ಹೆಸರುಗಳು ಸಾಲುಸಾಲಾಗಿದ್ದವು. ಇನ್ನೇನು ಅನುಮಾನ? ಬಾವಿಯ ನೀರು ಕುಡಿಯುವುದು ಎಲ್ಲರೂ, ಕಟ್ಟೆಯ ನೀರು ಕುಡಿಯುವುದು ಗಂಡಸರು. ಹುಣ್ಣಾಗುವುದು ಗಂಡಸರಿಗೆ. ಬಾವಿ ಶುದ್ಧ, ಕಟ್ಟೆ ಕೆಟ್ಟದ್ದು. ಡಾಕ್ಟರು ನನ್ನ ಬೆನ್ನು ತಟ್ಟಿ, ಹಾಗೆಯೇ ವರದಿ ಬರೆ, ಸೋಮವಾರ ರುಜು ಹಾಕಿ ಕಳಿಸುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಸಂತೆಗೆಂದು ಹೊರಟವನು ಚೀಲ ಮರೆತು ಅರ್ಧ ದಾರಿಯಿಂದ ಮನೆಗೆ ಬಂದೆ. ಹೆಂಡತಿ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಧಡಕ್ಕನೆ ಎದ್ದು ಸೀರೆ ಕೆಳಗೆ ಎಳೆದುಕೊಂಡು "ಹಾ" ಎಂದಳು. ಮುಳ್ಳೇನಾದರೂ ಚುಚ್ಚಿತೇ ಎಂದೆ. ಇಲ್ಲ ಎಂದಳು. ನನಗೆ ಅಷ್ಟೇ ಸಾಕಾಯಿತು. ವರದಿ ಜೇಬಿನಲ್ಲೇ ಇತ್ತು. ತವರಿನ ವಿಷಯ, ಕೇಳಿ ಹಿಗ್ಗಲಿ ಎಂದು ನಿಂತೇ ಓದಿ ಹೇಳಿದೆ.

ಅವಳು ಹಿಗ್ಗಲಿಲ್ಲ. "ಬಾವಿ ಒಳ್ಳೇದು ಅಂತ ಬರ್ದಿದೀರಾ?"

"ಹೂಂ. ಹೆಂಗಸರಿಗೆ ಬಂದೇ ಇಲ್ವಲ್ಲ."

"ಬಂದಿಲ್ಲ ಅಂತ ಯಾರಂದ್ರು ನಿಮ್ಗೆ?"

"ರಿಜಿಸ್ಟರ್ ಹೇಳ್ತದೆ ಕಣೇ."

ಅವಳು ಬಾಗಿಲಿಗೆ ಒರಗಿ ಸೀರೆಯ ಅಂಚು ಎತ್ತಿದಳು. ಕಾಲಿನ ಗಿಣ್ಣಿನ ಮೇಲೆ ಹಳೆಯ ಬಟ್ಟೆಯ ಪಟ್ಟಿ, ಅದರಿಂದ ಜೋತುಬಿದ್ದ ಪೊರಕೆಕಡ್ಡಿ, ಕಡ್ಡಿಗೆ ಸುತ್ತಿದ ಬಿಳಿ ನಾರು. ನಾರಿನ ತುದಿ ಯಾವುದಕ್ಕೂ ಅಂಟಿರಲಿಲ್ಲ. ಆಗತಾನೆ, ನನಗೆ ಕಾಣಬಾರದೆಂದು ಎದ್ದ ರಭಸಕ್ಕೆ ತುಂಡಾಗಿತ್ತು.

"ಹೋದ ವರ್ಷ ತಂಗಿ ಮದ್ವೇಗೆ ಹೋಗಿ ಎರಡು ತಿಂಗ್ಳು ಇದ್ನಲ್ಲ, ಆಗ ಕುಡ್ದಿದ್ದು. ನಾನು ಕಟ್ಟೆ ಕಡೆ ತಲೆನೂ ಹಾಕ್ಲಿಲ್ಲ. ಬಾವಿ ನೀರೇ ಕುಡ್ದಿದ್ದು" ಎಂದಳು. "ನಮ್ಮೂರ ಹೆಂಗಸ್ರಿಗೆಲ್ಲಾ ಆಗ್ತದೆ. ಮನೇಲೇ ಸುತ್ಕೋತೀವಿ. ಯಾರ ಮುಂದೂ ಹೇಳಾಕಿಲ್ಲ. ಹುಣ್ಣಿನ ಊರು ಅಂತ ಹೆಸ್ರು ಬಿದ್ರೆ ನಮ್ಮ ಹೆಣ್ಮಕ್ಳನ್ನ ಯಾರು ತಗೋತಾರೆ? ಕೊಟ್ಟ ಮನೇಲೂ ಬಳುವಳಿ ಅಂತಾರೆ."

ಆ ಕೊನೆಯ ಮಾತನ್ನು ಅವಳು ನನ್ನ ಮುಖ ನೋಡದೆ ಆಡಿದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಅವಳ ಮೇಲೆ ಎಂದುಕೊಂಡು ಏನೋ ಗದರಿದೆ. ಅದು ನನ್ನ ಮೇಲಿನದೇ ಎಂದು ತಿಳಿಯಲು ಸಂಜೆಯಾಯಿತು. ನನ್ನ ಎಣಿಕೆಯಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಆದರೆ ಅದು ಕಾಲು ತೋರಿಸಿದವರ ಎಣಿಕೆ ಮಾತ್ರ.

ಮರುದಿನ ಡಾಕ್ಟರಿಗೆ ನಾನೊಬ್ಬನೇ ಹೋಗಿ ಹೇಳುತ್ತೇನೆ, ಒಬ್ಬ ಹೆಂಗಸು ಎಂದಷ್ಟೇ ಹೇಳುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ಯಾವಳೋ ಒಬ್ಬಳು ಅಂದ್ರೆ ಅವ್ರು ಬಾವಿ ಸರಿಮಾಡಿಸ್ತಾರಾ? ನಾನೇ ಬತ್ತೀನಿ ನಡೀರಿ. ಮದ್ವೆಯಾದ ತಂಗಿ ಬಾಣಂತನಕ್ಕೆ ಅಲ್ಲಿಗೇ ಬರ್ಬೇಕು. ಅವ್ಳೂ ಅದೇ ನೀರು ಕುಡೀಬೇಕಾ?"

ಊರೆಲ್ಲ ನೋಡುತ್ತಿರುವಂತೆ ಕುಂಟುತ್ತಾ ದವಾಖಾನೆಗೆ ಬಂದು, ಗಂಡಸರು ಕೂರುವ ಬೆಂಚಿನ ತುದಿಯಲ್ಲಿ ಕೂತಳು. ಡಾಕ್ಟರು ಕಾಲು ನೋಡಿದರು, ಹಳ್ಳಿಯ ವಿಷಯ ಕೇಳಿದರು, ವರದಿಯನ್ನು ಹರಿದರು. ಹುಣ್ಣಿನ ಕಾಲು ನೀರಿಗಿಳಿದು ಹುಳು ಹರಡದಂತೆ ಆ ಬಾವಿಯ ಮೆಟ್ಟಿಲಿಗೆ ಅಡ್ಡಗೋಡೆ ಎದ್ದು, ಮೇಲಿನಿಂದ ಸೇದಲು ರಾಟೆ ಬಂತು. ಅವಳ ತಂಗಿ ಆ ರಾಟೆಯ ನೀರನ್ನೇ ಕುಡಿದಳು. ನನ್ನ ಹೆಂಡತಿಯ ಗಿಣ್ಣು ಮಾತ್ರ ಕೀವು ತುಂಬಿ ಮಾಗಿ, ಬಗ್ಗದೆ ಹಾಗೆಯೇ ಉಳಿಯಿತು.

ಅದೆಲ್ಲ ಆಮೇಲಿನದು. ಆ ಸೋಮವಾರ ನಾನು ಲೇಖನಿ ಅದ್ದಿಕೊಂಡು ಅವಳ ಹೆಸರು ಬರೆದೆ, ತವರೂರಿನ ಹೆಸರು ಬರೆದೆ. ರಿಜಿಸ್ಟರಿನ ಮುಂದಿನ ಅಂಕಣದಲ್ಲಿ ಕೈ ನಿಂತಿತು.

"ಹುಣ್ಣಾಗಿ ಎಷ್ಟು ದಿನ ಆಯ್ತಯ್ಯಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ.

"ಇಪ್ಪತ್ತು ದಿನ" ಎಂದಳು ಅವಳು, ಬೆಂಚಿನಿಂದಲೇ.