ಸಾಕಮ್ಮನ ಸರದಿಗೆ ಕಾಯುವ ಧನುಶ್ರೀ

ನಂಜನಗೂಡಿನ ಹತ್ತಿರದ ಹೆಡತಲೆ ಎಂಬ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಧನುಶ್ರೀ ಜಗುಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಕಂಪನಿ ಕೊಟ್ಟ ಫೋನು. ಪರದೆಯ ಮೇಲೆ ಚೌಕಾಬಾರದ ಮಣೆ, ಪಕ್ಕದಲ್ಲಿ ನಾಲ್ಕು ಕವಡೆ. ಎದುರಾಳಿಯ ಜಾಗ ಖಾಲಿ ಇದೆ. ಅಲ್ಲಿಗೆ ಯಾರಾದರೂ ಬರಲಿ ಎಂದು ಕಾಯುವುದೇ ಇವರ ಉದ್ಯೋಗ.

ಕೇಳಿದವರು ನಗುತ್ತಾರೆ. ತಂದೆ ಚನ್ನಯ್ಯನವರೂ ಮೊದಮೊದಲು ನಕ್ಕವರೇ. ಮಗಳು ತಾಂಡ್ಯದ ಕಾರ್ಖಾನೆಯ ಪ್ಯಾಕಿಂಗ್ ಕೆಲಸ ಬಿಟ್ಟು, ಕೂತು ಆಟ ಆಡುವುದಕ್ಕೆ ಸಂಬಳ ತಗೊಳ್ಳುತ್ತಾಳೆ ಎಂದರೆ ಯಾವ ಅಪ್ಪ ತಾನೇ ನಂಬುತ್ತಾನೆ? ಊರಿನವರು ವಿಚಾರಿಸಿದರೆ ಕಂಪ್ಯೂಟರ್ ಆಫೀಸಿನಲ್ಲಿದ್ದಾಳೆ ಎಂದಷ್ಟೇ ಹೇಳಿ, ಮಳೆ ಬೆಳೆಯ ಕಡೆಗೆ ಮಾತು ತಿರುಗಿಸುತ್ತಿದ್ದರಂತೆ. ಈಗ ಅವರೇ ಮಗಳ ಫೋನಿಗೆ ಇಣುಕಿ, ಆ ಕಾಯಿ ನಡೆಸು, ಈ ಕಾಯಿ ನಡೆಸು ಎಂದು ತಲೆ ತಿನ್ನುತ್ತಾರೆ.

ಆಫೀಸು ಇರುವುದು ನಂಜನಗೂಡಿನಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ. ಹೆಸರು ‘ಐದುಮನೆ’. ಅಮೃತೇಶ್ ಮತ್ತು ಅರ್ಪಿತ ಎಂಬ ಇಬ್ಬರು ಸಹಪಾಠಿಗಳು ಎರಡೇ ಕಂಪ್ಯೂಟರ್ ಇಟ್ಟುಕೊಂಡು ಶುರು ಮಾಡಿದ ಆನ್‌ಲೈನ್ ಆಟದ ಕಂಪನಿ. ಅಂಗಡಿ ಅಮೃತೇಶರ ತಂದೆಯದೇ ಆದ್ದರಿಂದ ಜಾಗಕ್ಕೆ ಪರದಾಡಲಿಲ್ಲ, ಗೊಬ್ಬರದ ವಾಸನೆಗೆ ಮೂಗು ಒಗ್ಗಿಸಿಕೊಂಡರೆ ಸಾಕಿತ್ತು. ಆಟವೇನೋ ಚೆನ್ನಾಗಿ ಬಂತು, ಆಡುವವರು ಮಾತ್ರ ಬರಲಿಲ್ಲ. ಬಂದ ಒಬ್ಬಿಬ್ಬರು ಎದುರಿಗೆ ಯಾರೂ ಇಲ್ಲದ್ದು ನೋಡಿ, ಸ್ವಲ್ಪ ಹೊತ್ತು ಕಾದು, ಆಟವನ್ನೇ ಫೋನಿನಿಂದ ತೆಗೆದುಹಾಕಿ ಹೋಗುತ್ತಿದ್ದರು. ಯಂತ್ರವನ್ನು ಎದುರಾಳಿಯಾಗಿ ಕೂರಿಸೋಣ ಎಂದು ಅಮೃತೇಶ್ ಹೇಳಿದರೆ, ಕೂತರೆ ಮನುಷ್ಯರೇ ಕೂರಬೇಕು ಎಂದು ಅರ್ಪಿತ ಹಟ ಹಿಡಿದರು. ಹಾಗೆ ಬಂದವರು ಧನುಶ್ರೀ. ಮಣೆಯ ಮೇಲೆ ಅವರ ಹೆಸರು ‘ಧನು, ಹೆಡತಲೆ’ ಎಂದೇ ಕಾಣುತ್ತದೆ.

“ಯಾರೋ ಬಾಗ್ಲು ತಟ್ಟುದ್ರೆ ಒಳಗಿಂದ ಯಾರು ಅಂತ ಕೇಳಕ್ಕಾದ್ರೂ ಒಬ್ರು ಇರ್ಬೇಕಲ್ವಾ ಸಾ? ಅಷ್ಟೇ ನನ್ನ ಕೆಲ್ಸ,” ಎನ್ನುತ್ತಾರೆ.

ಅಷ್ಟೇ ಅಲ್ಲ ಎಂದು ನನಗೆ ಗೊತ್ತಾದದ್ದು ಅರ್ಪಿತ ಹೇಳಿದ ಮೇಲೆ. ಅರ್ಧ ನಿಮಿಷದೊಳಗೆ ಕವಡೆ ಹಾಕದಿದ್ದರೆ ಸೋತಂತೆ ಎಂಬುದು ಮೊದಲಿನ ನಿಯಮ. ಧನುಶ್ರೀಗೆ ಅದು ಸರಿಬರಲಿಲ್ಲ. ಅವರ ಬೀದಿಯಲ್ಲಿ ಹೆಂಗಸರು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುತ್ತಾರೆ. ನಡುವೆ ಅನ್ನ ಉಕ್ಕುತ್ತದೆ, ಹಸು ಕೂಗುತ್ತದೆ, ಒಬ್ಬರು ಎದ್ದು ಹೋಗುತ್ತಾರೆ. ಆದರೆ ಕಾಯಿಗಳನ್ನು ಯಾರೂ ಎತ್ತುವುದಿಲ್ಲ. ಕಸ ಗುಡಿಸುವವರೂ ಮಣೆಯನ್ನು ಬಿಟ್ಟು ಸುತ್ತ ಗುಡಿಸುತ್ತಾರೆ. ಎದ್ದವರು ಮರುದಿನ ಬಂದರೂ ಸರದಿ ಅವರದೇ. ಫೋನಿನಲ್ಲೂ ಹಾಗೇ ಇರಬೇಕು ಎಂದು ಧನುಶ್ರೀ ಬೆನ್ನು ಬಿದ್ದರು. ಹಾಗೆ ಮಾಡಿದರೆ ಒಂದು ಆಟವೂ ಮುಗಿಯುವುದಿಲ್ಲ ಎಂದು ಅಮೃತೇಶ್ ಹೆದರಿದ್ದರು. ಕೊನೆಗೆ, ನೋಡೇಬಿಡೋಣ ಎಂದು ಒಪ್ಪಿದರು.

ಕಂಪನಿ ಬೆಳೆದದ್ದು ಆಮೇಲೆ. ಡೇರಿಗೆ ಹಾಲು ಹಾಕಿ ಬರುವವರು, ತಾಂಡ್ಯದ ಶಿಫ್ಟಿಗೆ ಹೋಗುವವರು, ದೇವನೂರಿನ ಬಸ್ಸಿಗೆ ನಿಂತವರು ಈಗೊಂದು ಗರ ಹಾಕಿ, ಊಟದ ಹೊತ್ತಿಗೆ ಇನ್ನೊಂದು ಹಾಕತೊಡಗಿದರು. ಬಿಡುವೇ ಇಲ್ಲದ ಜನಕ್ಕೂ ಆಡಲು ಬರುವಂಥ ಆಟ ಎಂದು ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಈಗ ದಿನಾ ಸಾವಿರಾರು ಜನ ಆಡುತ್ತಾರೆ, ಟಿ. ನರಸೀಪುರದಲ್ಲೂ ಒಂದು ಆಫೀಸು ತೆರೆದಿದೆ. ಅದರ ಉದ್ಘಾಟನೆಯ ಫೋಟೋವನ್ನು ಗೋಡೆಗೆ ತೂಗುಹಾಕಿದ್ದಾರೆ. ಅದರಲ್ಲಿ ಧನುಶ್ರೀ ಇಲ್ಲ. ಫೋಟೋ ತೆಗೆಯುವಾಗ ಯಾರೋ ಹೊಸಬರು ಆಟಕ್ಕೆ ಬಂದಿದ್ದರು, ಇವರು ಒಳಗೆ ಆಡುತ್ತಿದ್ದರು.

ಆಟ ಇನ್ನೂ ಯಾರಿಗೂ ಗೊತ್ತಿಲ್ಲದ ದಿನಗಳಲ್ಲಿ ತಪ್ಪದೆ ಬರುತ್ತಿದ್ದವರು ಒಬ್ಬರೇ. ಹೆಸರು ‘ಸಾಕಮ್ಮ, ನರಸೀಪುರ’. ಬೆಳಗಿನ ಜಾವಕ್ಕೇ ಹಾಜರು. ಇಲ್ಲಿ ಮಾತಾಡಲು ಬರುವುದಿಲ್ಲ, ಎದುರಿನವರಿಗೆ ಒಂದು ಹೂವು ಕಳಿಸಬಹುದು ಅಷ್ಟೇ. ಗೆದ್ದವರಿಗೆ ಕಳಿಸಲಿ ಎಂದು ಇಟ್ಟ ಹೂವದು. ಸಾಕಮ್ಮ ಮಾತ್ರ ತಮ್ಮ ಕಾಯಿಯನ್ನು ಧನುಶ್ರೀ ಹೊಡೆದಾಗಲೆಲ್ಲ ಕಳಿಸುತ್ತಿದ್ದರು. ನಿಧಾನದ ಆಟ. ಅರ್ಧ ನಿಮಿಷದ ನಿಯಮ ಹೋದ ಮೇಲೆ, ಧನುಶ್ರೀ ಒಲೆಯ ಹತ್ತಿರ ಎದ್ದು ಹೋಗಿ ತಡವಾಗಿ ಬಂದರೆ, ಆ ಕಡೆಯ ಹಸಿರು ಚುಕ್ಕಿ ಹಾಗೇ ಉರಿಯುತ್ತಿರುತ್ತಿತ್ತು. ಅಂದರೆ ಅವರು ಎದ್ದು ಹೋಗಿಲ್ಲ, ಕಾಯುತ್ತಿದ್ದಾರೆ ಎಂದರ್ಥ.

“ಪ್ಯಾಕ್ಟ್ರೀಲಿ ಒಂದ್ ಗಳಿಗೆ ತಡ ಆದ್ರೆ ಬೆಲ್ಟು ಮುಂದುಕ್ ಓಗ್ಬುಡದು. ಮನೇಲೂ ಅಂಗೇಯ. ನನಗೋಸ್ಕರ ಅಂತ ಕಾದೋರು ಅವ್ರೊಬ್ರೇ ಕಣ್ಸಾ.”

ಕಳೆದ ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಸಾಕಮ್ಮನವರ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿಯಿತ್ತು. ಕವಡೆಯಲ್ಲಿ ಒಂದು ಬಿದ್ದರೆ ಆಟ ಅವರದು. ಧನುಶ್ರೀ ತಮ್ಮ ಗರ ಹಾಕಿ ಕಾದರು. ಚುಕ್ಕಿ ಹಸಿರಾಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಇಲ್ಲ. ಫೋನು ಕೆಟ್ಟಿರಬಹುದು, ಮನೆಯವರು ಕಿತ್ತುಕೊಂಡಿರಬಹುದು ಎನ್ನುತ್ತಾರೆ ಧನುಶ್ರೀ. ಇನ್ನೊಂದು ಕಾರಣವೂ ಇರಬಹುದಲ್ಲ, ಅದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ ಹುಡುಕಿದ್ದೂ ಆಯಿತು. ಸಾಕಮ್ಮ ಎಂದರೆ ಬೀದಿಗೊಬ್ಬರನ್ನು ತೋರಿಸಿದರಂತೆ. ಅವರಲ್ಲೊಬ್ಬರು ಕೂರಿಸಿ ಕಾಫಿ ಕೊಟ್ಟರು, ಚೌಕಾಬಾರ ಮಾತ್ರ ಅವರಿಗೆ ಬರುತ್ತಿರಲಿಲ್ಲ. ಕಂಪನಿಯಲ್ಲಿ ಫೋನ್ ನಂಬರಿದೆ. ಆಡುವವರ ನಂಬರನ್ನು ಯಾರಿಗೂ ಕೊಡುವುದಿಲ್ಲ ಎಂಬ ಮಾತೂ ಇದೆ. ಹೊಸದಾಗಿ ಸೇರಿದವರಿಗೆಲ್ಲ ಅದನ್ನು ಹೇಳಿಕೊಡುವವರು ಧನುಶ್ರೀಯೇ. ಹಾಗಾಗಿ ತಾವು ಬಾಯಿಬಿಟ್ಟು ಕೇಳಲಿಲ್ಲ.

ಈಗ ಆಟದ ಹೊಸ ಆವೃತ್ತಿ ಸಿದ್ಧವಾಗಿದೆ. ಬರುವ ಭಾನುವಾರ ಎಲ್ಲರ ಫೋನಿಗೂ ಬರುತ್ತದೆ. ಮುಗಿದ ಆಟಗಳ ನೆನಪು ಅದರಲ್ಲಿ ಉಳಿಯುತ್ತದೆ. ತಿಂಗಳುಗಟ್ಟಲೆ ಅರ್ಧಕ್ಕೆ ನಿಂತ ಹಳೆಯ ಮಣೆಗಳನ್ನು ಮಾತ್ರ ಹೊಸದಕ್ಕೆ ಸಾಗಿಸಲು ಬರುವುದಿಲ್ಲ, ಅವೆಲ್ಲ ಅಳಿದುಹೋಗುತ್ತವೆ. ಅಮೃತೇಶರಿಗೂ ಇದು ಇಷ್ಟವಿಲ್ಲ, ಆದರೆ ಒಂದು ಮಣೆಗಾಗಿ ಎಲ್ಲವನ್ನೂ ನಿಲ್ಲಿಸಲಾಗದು ಎನ್ನುತ್ತಾರೆ. ಅರ್ಪಿತ ಒಂದು ದಾರಿ ಹುಡುಕಿದ್ದಾರೆ. ಧನುಶ್ರೀ ‘ಸೋತೆ’ ಎಂದು ಒತ್ತಿದರೆ ಆಟ ಮುಗಿದಂತೆ. ಗೆಲುವು ಸಾಕಮ್ಮನವರ ಹೆಸರಿನಲ್ಲಿ ಎಂದೆಂದಿಗೂ ಉಳಿಯುತ್ತದೆ, ನೀವು ಗೆದ್ದಿರಿ ಎಂದು ಅವರ ಫೋನಿಗೆ ಸುದ್ದಿಯೂ ಹೋಗುತ್ತದೆ.

ಒಳ್ಳೆಯ ಉಪಾಯ ಎಂದೇ ನನಗೂ ಅನಿಸಿತು. ಇವತ್ತು ಶುಕ್ರವಾರ. ಧನುಶ್ರೀ ಇನ್ನೂ ಒತ್ತಿಲ್ಲ. ಬೆಳಿಗ್ಗೆ ಬಂದ ಹೊಸಬರ ಜೊತೆ ಒಂದಾಟ ಮುಗಿಸಿ, ಆ ಹಳೆಯ ಮಣೆಯನ್ನು ತೆಗೆದು ನನಗೆ ತೋರಿಸುತ್ತಾರೆ. ಸಾಕಮ್ಮನವರ ಕೆಂಪು ಕಾಯಿ ನಡುಮನೆಯ ಪಕ್ಕದಲ್ಲೇ ನಿಂತಿದೆ. ಗೆಲುವನ್ನು ಅವರಿಗೆ ಕೊಟ್ಟುಬಿಡಬಹುದಲ್ಲ ಎಂದು ಕೇಳುತ್ತೇನೆ. ಅವರು ಫೋನಿನಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ.

“ಭಾನ್ವಾರ ಕಂಪ್ನಿಯೋರು ಅಳಿಸದಾದ್ರೆ ಅಳಿಸ್ಲಿ ಸಾ, ಅದು ಅವರ ಕೆಲ್ಸ. ಗೆದ್ರಿ ಅಂತ ಸಾಕಮ್ಮೋರ್ಗೆ ಸುದ್ದಿ ಓಯ್ತು ಅಂತ ಇಟ್ಕಳಿ. ನೋಡ್ತಾರೆ, ಸಂತೋಸ ಪಟ್ಕಂಡು ಫೋನ್ ಮಡುಗ್ತಾರೆ. ಆಮೇಲ್ ಯಾಕ್ ಬಂದಾರು? ಸರದಿ ಇನ್ನೂ ಅವರ್ದೇ ಅಂತಿದ್ರೆ ತಾನೆ ಬರದು.”