ಒಂದು ಸೀಸೆ ಸಮುದ್ರ

ಮಿಲ್ಲಿನಿಂದ ಬಂದ ರಾಗಿ ಹಿಟ್ಟನ್ನು ಜರಡಿ ಹಿಡಿಯುತ್ತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಆಗತಾನೇ ಬೀಸಿದ ಹಿಟ್ಟಿಗೆ ಒಂದು ಬೆಚ್ಚಗಿನ ವಾಸನೆ ಇರುತ್ತದೆ, ನೀವೂ ಬಲ್ಲಿರಿ. ಬೇರೆಯವರಿಗೆ ಅದು ಹಸಿವಿನ ವಾಸನೆ. ನನಗೆ ಅದು ಏನೆಂದು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ಮಗ ನಾಗರಾಜ ನಡುಮನೆಯಿಂದ ಕೂಗಿದ: "ಅಮ್ಮಾ, ಎಲ್ಲಾ ಬುಕ್ ಆಯ್ತು ಕಣಮ್ಮ! ಬರೋ ಶುಕ್ರವಾರ ಹೊರಡೋದು. ನೀನೂ, ಅಪ್ಪಾನೂ ಬರ್ಲೇಬೇಕು."

ಯಾವುದೋ ದೊಡ್ಡ ಆಟದ ಪಾರ್ಕಂತೆ. ಅಲ್ಲಿ ರೈಲು ತಲೆಕೆಳಗಾಗಿ ಓಡುತ್ತದಂತೆ. ಮೊಮ್ಮಗಳು ಬಂದು ನನ್ನ ಸೆರಗು ಎಳೆದಳು. "ಅಜ್ಜೀ, ನೀನೂ ಆ ರೈಲಲ್ಲಿ ಕೂತ್ಕೋತೀಯಾ?"

"ನೆಟ್ಟಗಿರೋವಾಗ್ಲೇ ನನ್ನ ತಲೆ ಕೆಲಸ ಮಾಡಲ್ಲ ಕಣೇ, ಇನ್ನು ತಲೆಕೆಳಗೆ ಮಾಡಿ ಏನು ನೋಡ್ತೀಯಾ?" ಅಂದೆ.

ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ನಾಗರಾಜ ಅವರಪ್ಪನ ಕಡೆ ತಿರುಗಿ, "ಈ ಸಲ ಯಾರೂ ಸಾಯ್ದೇ ಇದ್ರೆ ಸಾಕಪ್ಪಾ" ಅಂದ. ಅವರೂ ನಕ್ಕರು. ನನ್ನ ಕೈಯಲ್ಲಿ ಜರಡಿ ನಿಂತಿತು.

ಆ ಮಾತು ಅವನು ಹತ್ತು ವರ್ಷದವನಾಗಿದ್ದಾಗ ಹುಟ್ಟಿಸಿದ್ದು. ಎಂಬತ್ತರ ಆಸುಪಾಸಿನ ದಿನಗಳು. ನಮ್ಮವರು ಮುಳಬಾಗಿಲಿನ ಶಾಲೆಯಲ್ಲಿ ಮೇಷ್ಟ್ರು. ನಮಗೆ ಇಬ್ಬರು ಮಕ್ಕಳು, ಶಾರದೆ ಮತ್ತು ಇವನು. ಮದ್ರಾಸಿನಲ್ಲಿ ಸಮುದ್ರದ ದಡದಲ್ಲೇ ಒಂದು ದೊಡ್ಡ ಆಟದ ತೋಟವಿದೆ, ಅಲ್ಲಿಯ ತೊಟ್ಟಿಲು ಸುತ್ತುವ ರಾಟವಾಳದ ತುದಿಗೆ ಹೋದರೆ ಹಡಗು ಕಾಣುತ್ತದೆ ಎಂದು ಯಾರೋ ಶಾಲೆಯಲ್ಲಿ ಹೇಳಿದ್ದರು. ಅಲ್ಲಿಂದ ಶುರುವಾಯಿತು. ನಾಗರಾಜ ಹಳೇ ಕ್ಯಾಲೆಂಡರಿನ ಹಿಂದೆ ಬಂಗಾರಪೇಟೆಯಿಂದ ಮದ್ರಾಸಿನವರೆಗೆ ರೈಲಿನ ದಾರಿ ಬರೆದ. ಶಾರದೆ ಯಾವ ಹೊತ್ತಿಗೆ ಯಾವ ತಿಂಡಿ ಬಿಚ್ಚಬೇಕು ಎಂದು ಪಟ್ಟಿ ಮಾಡಿದಳು. ಆ ಪಟ್ಟಿಯ ಪ್ರಕಾರ ರೈಲು ಹೊರಟ ಕಾಲು ಗಂಟೆಗೆಲ್ಲ ಚಕ್ಕುಲಿ ಮುಗಿಯುತ್ತಿತ್ತು.

ಆದರೆ ನಮ್ಮದು ದೊಡ್ಡ ದಾಯಾದಿ ಕುಟುಂಬ. ಮೊದಲ ಸಲ ಬಟ್ಟೆ ಮಡಿಸಿಟ್ಟಾಗ ತಾಯಲೂರಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಸೂತಕ, ಪ್ರಯಾಣ ನಿಂತಿತು. ಎರಡನೆಯ ಸಲ ದೇವರಾಯಸಮುದ್ರದ ದಾಯಾದಿಗಳ ಮನೆಯಲ್ಲಿ ಮಗು ಹುಟ್ಟಿತು. ಪುರುಡು, ಮತ್ತೆ ನಿಂತಿತು. ಸತ್ತರೂ ಹೋಗುವಂತಿಲ್ಲ, ಹುಟ್ಟಿದರೂ ಹೋಗುವಂತಿಲ್ಲ. ಮೂರನೆಯ ಸಲ ಹೊರಡುವ ದಿನ ಗೊತ್ತಾದಾಗ ನಾಗರಾಜ ಕ್ಯಾಲೆಂಡರನ್ನು ಸುತ್ತಿ ಅಟ್ಟಕ್ಕೆ ಎಸೆದ. "ನಾನು ಬ್ಯಾಗು ತುಂಬಲ್ಲ. ಈ ಸಲಾನೂ ಯಾರಾದ್ರೂ ಸಾಯ್ತಾರೆ, ನೋಡ್ತಿರಿ."

ನಾನು ಅವನ ಬಾಯಿಗೆ ಹೊಡೆದೆ. ಹೊಡೆದ ಕೈ ಇನ್ನೂ ಉರಿಯುತ್ತಿರುವಾಗಲೇ ಮನಸ್ಸಿನಲ್ಲಿ ದೇವರಿಗೆ ಅಂದುಕೊಂಡೆ: ಈ ಮಕ್ಕಳನ್ನು ಇದೊಂದು ಸಲ ಕಳಿಸಿಕೊಡಪ್ಪಾ.

ಇಲ್ಲಿ ಪುಂಗನೂರು ಚಿಕ್ಕಮ್ಮನ ವಿಷಯ ಹೇಳಬೇಕು. ನಮ್ಮವರ ಹೆತ್ತ ತಾಯಿ ತೀರಿಕೊಂಡಾಗ ಅವರಿಗೆ ನಾಲ್ಕು ವರ್ಷ. ಗಡಿಯಾಚೆ ಪುಂಗನೂರಿನಲ್ಲಿದ್ದ ಚಿಕ್ಕಪ್ಪನ ಹೆಂಡತಿ ಅವರನ್ನು ಕರೆದುಕೊಂಡು ಹೋಗಿ, ತನ್ನ ಮಗ ವೆಂಕಟರಮಣನ ಜೊತೆ ಒಂದೇ ತಟ್ಟೆಯಲ್ಲಿ ತಿನ್ನಿಸಿ ಬೆಳೆಸಿದರು. ಚಿಕ್ಕಮ್ಮನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿದ್ದುದು ತೆಲುಗೇ. ದಮ್ಮಿನ ಕಾಯಿಲೆ. ನಾವು ಮದ್ರಾಸಿಗೆ ಹೋಗುವ ಸುದ್ದಿ ಕೇಳಿ, "ನಾಕೊಕ ಸೀಸಾ ಸಮುದ್ರಂ ತೇರಾ ನಾಯನಾ" ಅಂದಿದ್ದರು. ನನಗೊಂದು ಸೀಸೆ ಸಮುದ್ರ ತಂದುಕೊಡಪ್ಪ ಎಂದು. ಸಮುದ್ರ ನಿಜವಾಗಿಯೂ ಉಪ್ಪೋ ಅಲ್ಲವೋ ನಾಲಿಗೆಗೆ ಇಟ್ಟು ನೋಡಬೇಕೆಂಬುದು ಅವರ ಆಸೆ.

ಹೊರಡಲು ನಾಲ್ಕು ದಿನವಿತ್ತು. ಸೋಮವಾರ. ಅವತ್ತೂ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಪೋಸ್ಟ್‌ಮನ್ ಬಾಷಾ ಸಾಬರು ಬಂದು, "ಅಮ್ಮಾ, ಪುಂಗನೂರು ಕಾರ್ಡು" ಎಂದು ನನ್ನ ಕೈಗೇ ಕೊಟ್ಟರು. ನಮ್ಮವರು ಶಾಲೆಯಲ್ಲಿದ್ದರು.

ನನಗೆ ತೆಲುಗು ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡ, ತೆಲುಗು ಎರಡರ ಅಕ್ಷರಗಳೂ ಅಕ್ಕತಂಗಿಯರ ಹಾಗೆ, ಕಣ್ಣು ಕಿರಿದು ಮಾಡಿದರೆ ನಾಲ್ಕು ಗುರುತು ಹತ್ತುತ್ತವೆ. ವೆಂಕಟರಮಣ ಯಾವಾಗ ಬರೆದರೂ ಮೇಲೆ ದೊಡ್ಡದಾಗಿ 'ಶ್ರೀ' ಹಾಕಿ, ಕ್ಷೇಮ ಸಮಾಚಾರ ಬರೆದು, ಆಮೇಲೆ ವಿಷಯಕ್ಕೆ ಬರುತ್ತಿದ್ದ. ಈ ಕಾರ್ಡಿನ ನೆತ್ತಿ ಬೋಳಾಗಿತ್ತು. ಶ್ರೀ ಇಲ್ಲ, ಕ್ಷೇಮ ಇಲ್ಲ. ಮೂರೇ ಸಾಲು. ಮೊದಲ ಸಾಲಿನಲ್ಲಿ 'ಅಮ್ಮ' ಎಂಬುದು ಕಂಡಿತು. ಶ್ರೀಯಿಲ್ಲದ ಕಾರ್ಡು ಯಾವ ಮನೆಗೆ ಯಾಕೆ ಬರುತ್ತದೆ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಸಾವಿನ ಕಾರ್ಡು ಅದು. ಓದಿ, ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು.

ನಾನು ಓದಲಿಲ್ಲ. ಎದುರು ಮನೆಯಲ್ಲಿ ತೆಲುಗು ಓದುವವರಿದ್ದರು, ಕೇಳಲಿಲ್ಲ. ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ ಎಂದು ಹಿರಿಯರು ಹೇಳುತ್ತಿದ್ದುದು ಆ ಗಳಿಗೆಯಲ್ಲಿ ನನಗೆ ದೇವರ ವಾಕ್ಯದಂತೆ ನೆನಪಾಯಿತು. ಓದದ ಕಾಗದಕ್ಕೆ ಯಾವ ಸೂತಕ? ಚಿಕ್ಕಮ್ಮ ಹೋಗಿ ಎರಡು ಮೂರು ದಿನವಾಗಿರಬೇಕು, ಮಣ್ಣು ಮುಗಿದಿರುತ್ತದೆ, ಹನ್ನೊಂದನೇ ದಿನದ ತಿಥಿಗೆ ಹೇಗೂ ವಾಪಸು ಬಂದಿರುತ್ತೇವೆ. ಹೋದವರು ಹೋದರು, ಮಕ್ಕಳಿಗೆ ಯಾಕೆ ಶಿಕ್ಷೆ? ಕಾರ್ಡನ್ನು ಮಡಿಸಿ ಹಿಟ್ಟಿನ ಡಬ್ಬದಲ್ಲಿಟ್ಟು ಮೇಲೆ ಹಿಟ್ಟು ಸುರಿದೆ. ಮಧ್ಯಾಹ್ನ ನಮ್ಮವರಿಗೆ ಅದೇ ಹಿಟ್ಟಿನಲ್ಲಿ ಮುದ್ದೆ ಮಾಡಿ ಬಡಿಸಿದೆ.

ನಗಬೇಡಿ, ನಾನು ದೇವರಿಗೆ ಹೆದರುವವಳು. ಮನೆಯವರಿಗೆ ಸೂತಕವಿಲ್ಲ, ಸರಿ. ಆದರೆ ನನ್ನ ಕಣ್ಣಿಗೆ ಬಿದ್ದಿದೆಯಲ್ಲ? ಅದಕ್ಕೆ ನಾನೊಬ್ಬಳೇ ಕದ್ದು ಸೂತಕ ಹಿಡಿದೆ. ದೀಪ ಹಚ್ಚುವ ಕೆಲಸ ಶಾರದೆಗೆ ವಹಿಸಿದೆ. ದೇವರ ಸಾಮಾನು ಮುಟ್ಟಲಿಲ್ಲ. ಹೊರಡುವ ಹಿಂದಿನ ದಿನ ಕುರುಡುಮಲೆಯ ಗಣಪನಿಗೆ ಕಾಯಿ ಒಡೆಸಲು ಹೋದಾಗ, "ನೀವು ಹೋಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ" ಎಂದು ಹೊರಗೇ ನಿಂತೆ.

"ನಿನ್ನ ಹವಾಯಿ ಚಪ್ಪಲೀನ ಯಾವ ಕಳ್ಳ ಕದೀತಾನೇ, ಉಂಗುಷ್ಠ ಕಿತ್ತೋಗಿರೋದನ್ನ?" ಎಂದು ನಮ್ಮವರು ನಕ್ಕು ಒಳಗೆ ಹೋದರು. ಅಷ್ಟು ದೊಡ್ಡ ಗಣಪ, ಬಾಗಿಲಾಚೆಯಿಂದಲೂ ನನ್ನನ್ನು ನೋಡುತ್ತಿರುವನೆಂದು ಬೆನ್ನು ತಿರುಗಿಸಿ ನಿಂತೆ.

ಮದ್ರಾಸಿಗೆ ಹೋದೆವು. ದೇವರು ಕೊಟ್ಟ ಸಣ್ಣ ಸಣ್ಣ ಕೃಪೆಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಹಳೇ ಅಭ್ಯಾಸ. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಒಂದು. ಮಕ್ಕಳಿಗೆ ವಾಂತಿಯಾಗಲಿಲ್ಲ, ಎರಡು. ಹುಳಿಯನ್ನ ಕೆಡಲಿಲ್ಲ, ಮೂರು. ರಾಟವಾಳದ ತುದಿಯಿಂದ ನಾಗರಾಜ, "ಅಮ್ಮಾ, ಹಡಗು! ಹಡಗು ಕಣಮ್ಮಾ!" ಎಂದು ಕೂಗಿದಾಗ ನಾಲ್ಕನೆಯ ಬೆರಳು ಮಡಿಸಿದೆ. ಅವನು ಕೆಳಗಿಳಿದು ಓಡಿಬಂದು ನನ್ನ ಕಿವಿಯಲ್ಲಿ, "ಯಾರೂ ಸಾಯ್ಲಿಲ್ಲ ನೋಡು" ಅಂದ.

ಸಂಜೆ ನಮ್ಮವರು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ಮನೆಯಿಂದಲೇ ತೊಳೆದು ತಂದಿದ್ದ ಟಾನಿಕ್ಕಿನ ಸೀಸೆಯಲ್ಲಿ ನೀರು ತುಂಬಿದರು. ಮರಳು ಬಂತೆಂದು ಚೆಲ್ಲಿದರು, ಮತ್ತೆ ತುಂಬಿದರು. ಮೂರು ಸಲ. "ದಡದ್ದು ಬೇಡ ಕಣೇ, ಚಿಕ್ಕಮ್ಮಂಗೆ ಸ್ವಲ್ಪ ಒಳಗಿಂದೇ ಇರ್ಲಿ" ಎಂದು ಇನ್ನೂ ಎರಡು ಹೆಜ್ಜೆ ಮುಂದೆ ಹೋದರು. ಸೀಸೆಯನ್ನು ನನ್ನ ಕೈಗೆ ಕೊಟ್ಟು, "ಭದ್ರ" ಅಂದರು. ಸತ್ತವರ ಪಾಲಿನ ನೀರು ಎಂದುಕೊಂಡು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

ಭಾನುವಾರ ಸಂಜೆ ಮನೆ ಸೇರಿದೆವು. ಸೋಮವಾರ ಬೆಳಿಗ್ಗೆ ನಮ್ಮವರು ಸೀಸೆ ಹಿಡಿದು ಪುಂಗನೂರಿಗೆ ಹೊರಟಿದ್ದರು, ಚಪ್ಪಲಿ ಮೆಟ್ಟುತ್ತಿದ್ದರು. ವೆಂಕಟರಮಣನೇ ಬಂದು ಬಾಗಿಲಲ್ಲಿ ನಿಂತ.

"ಅಮ್ಮ ಹೋಯ್ತಣ್ಣಾ. ಇವತ್ತು ಬೆಳಗಿನ ಜಾವ." ಆಮೇಲೆ ನಮ್ಮವರ ಮುಖ ನೋಡಿ, "ಕಾರ್ಡು ಬರ್ಲಿಲ್ವಾ? ಅವಸರದಾಗೆ ಮೂರು ಲೈನು ಬರೆದು ಹಾಕಿದ್ದೆ. ಒಂದು ವಾರ ಬಾಗಿಲ ಕಡೆನೇ ನೋಡ್ತಾ ಇತ್ತಣ್ಣ. ಬಸ್ಸು ಬಂದ ಶಬ್ದ ಆದ್ರೆ ಎದ್ದು ಕೂರ್ಸು ಅನ್ನೋದು."

ಕೇಳುತ್ತಿದ್ದೀರಾ? ನಾನು ಸೂತಕ ಹಿಡಿದಿದ್ದು ಬದುಕಿದ್ದವರಿಗೆ. ನಾನು ಚಪ್ಪಲಿ ಕಾಯುತ್ತಿದ್ದಾಗ ಅವರು ಬಾಗಿಲು ಕಾಯುತ್ತಿದ್ದರು. ನಮ್ಮವರು ಅಲೆಯಲ್ಲಿ ನಿಂತು ಮೂರು ಸಲ ಸೀಸೆ ತುಂಬಿದ ಸಂಜೆ ಅದನ್ನು ನಾಲಿಗೆಗೆ ಇಟ್ಟುಕೊಳ್ಳಲು ಅವರಿಗೆ ಉಸಿರಿತ್ತು.

ಪುಂಗನೂರಿನಲ್ಲಿ ಮಣ್ಣು ಮಾಡಿದ ಮೇಲೆ ನಮ್ಮವರು ಆ ನೀರನ್ನು ಗುಡ್ಡೆಯ ಮೇಲೆ, ತಲೆಯ ಕಡೆ, ನಿಧಾನವಾಗಿ ಸುರಿದರು. ಕೊನೆಯ ಹನಿ ಬೀಳುವವರೆಗೂ ಸೀಸೆ ಬಗ್ಗಿಸಿ ಹಿಡಿದಿದ್ದರು.

ತಿಥಿ ಮುಗಿಸಿ ಬಂದ ಮೇಲೆ ಡಬ್ಬದಿಂದ ಕಾರ್ಡು ತೆಗೆದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಅಮ್ಮನಿಗೆ ಬಹಳ ಹುಷಾರಿಲ್ಲ. ನಿನ್ನನ್ನು ನೋಡಬೇಕಂತೆ. ಕೂಡಲೇ ಬಾ. ಇಷ್ಟೇ. ಅಷ್ಟು ಓದಲು ನನಗೆ ಹಿಡಿದದ್ದು ಒಂದು ಸಾರು ಕುದಿಯುವಷ್ಟು ಹೊತ್ತು. ಸಾವಿನ ಕಾರ್ಡಾಗಿದ್ದರೆ ಹರಿದು ಎಸೆಯಲು ಶಾಸ್ತ್ರವಿತ್ತು. ಬದುಕಿದ್ದವರು ಕರೆದ ಕಾರ್ಡನ್ನು ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. ಟ್ರಂಕಿನ ತಳದಲ್ಲಿ, ಹಾಸಿದ್ದ ಪೇಪರಿನ ಕೆಳಗೆ ಇಟ್ಟೆ.

ಇದಕ್ಕಿಂತ ನಾಚಿಕೆಯದು ಇನ್ನೂ ಇದೆ. ಮಾರನೆಯ ದಿನ ಬಾಷಾ ಸಾಬರು ಬೀದಿಯಲ್ಲಿ ಬರುತ್ತಿದ್ದರು. ನಮ್ಮವರು ಬೋಳಿಸಿದ ತಲೆಯಲ್ಲಿ ಜಗಲಿಯಿಂದಿಳಿದು ಅವರ ಸೈಕಲ್ಲನ್ನು ಹಿಡಿದು ನಿಲ್ಲಿಸಿದರು. ಎಂದೂ ದನಿ ಎತ್ತದ ಮನುಷ್ಯ.

"ಏನ್ರೀ ಬಾಷಾ, ಒಂದು ಕಾರ್ಡು ತಂದ್ಕೊಡೋಕೆ ನಿಮ್ಗೆ ಆಗಲ್ವೇನ್ರೀ? ಎಲ್ಲಿ ಬಿಸಾಕಿದ್ರಿ? ನಮ್ಮಮ್ಮ ಕಾದು ಕಾದು ಸತ್ತೋದ್ಳು ಕಣ್ರೀ!"

ಬೀದಿಯವರೆಲ್ಲ ಹೊರಗೆ ಬಂದರು. ಬಾಷಾ ಸಾಬರು ಏನೋ ಹೇಳಲು ಬಾಯಿ ತೆರೆದರು. ಆಗ ನಮ್ಮವರ ಹೆಗಲಾಚೆ, ಬಾಗಿಲಲ್ಲಿ ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಒಂದು ಗಳಿಗೆ ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಿದೆ.

"ನಮ್ದೇ ಗಲತಿ ಇರ್ಬೇಕು ಸಾರ್. ಮಾಫ್ ಮಾಡ್ಬಿಡಿ" ಅಂದರು.

ಅವತ್ತಿನಿಂದ ನಮ್ಮವರು ಅವರ ಜೊತೆ ಮಾತು ಬಿಟ್ಟರು. ಬಾಷಾ ಸಾಬರು ಮತ್ತೆಂದೂ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಜಗಲಿಯ ಮೇಲಿಟ್ಟು, ಬೆಲ್ಲು ಹೊಡೆದು ಹೋಗುತ್ತಿದ್ದರು. ನಾನು ಕುರುಡುಮಲೆ ಗಣಪನಿಗೆ ತಪ್ಪುಕಾಣಿಕೆ ಹಾಕಿದೆ, ಹನ್ನೊಂದು ಸೋಮವಾರ ಒಪ್ಪೊತ್ತು ಇದ್ದೆ. ನಾಲ್ಕು ಮನೆಯಾಚೆ ಸೈಕಲ್ ತುಳಿಯುವ ಮನುಷ್ಯನಿಗೆ ಒಂದು ಮಾತು ಹೇಳಲು ಮಾತ್ರ ಆಗಲಿಲ್ಲ. ದೇವರ ಮುಂದೆ ತಲೆ ಬಗ್ಗಿಸುವುದು ಸುಲಭ, ಬೀದಿಯವರು ನೋಡುವುದಿಲ್ಲ. ಯುಗಾದಿಗೆ ಅವರ ಮನೆಗೆ ಹೋಳಿಗೆ ಕಳಿಸುತ್ತಿದ್ದೆ. ತಟ್ಟೆ ತೊಳೆದು, ಸಕ್ಕರೆ ಹಾಕಿ ವಾಪಸು ಕಳಿಸುತ್ತಿದ್ದರು. ಆ ಸಕ್ಕರೆಯನ್ನು ನಾನೊಂದು ದಿನವೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಈಗ, ಮಗ ಆ ಹಳೇ ಮಾತನ್ನಾಡಿ ನಮ್ಮವರು ನಕ್ಕಾಗ, ನಾನೂ ನಗಲು ನೋಡಿದೆ. ಆಗಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಟ್ರಂಕಿನಲ್ಲಿ ತಡಕಿ, ಕಾರ್ಡು ತಂದೆ. ಮಗ, ಸೊಸೆ, ಮಗು ಬಟ್ಟೆ ಕೊಳ್ಳಲು ಪೇಟೆಗೆ ಹೋದರು. ನಮ್ಮವರು ಜಗಲಿಯಲ್ಲಿದ್ದರು. ಅವರ ಕೈಯಲ್ಲಿಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ತಿರುಗಿಸಿದರು. ಮತ್ತೆ ಓದಿದರು. ಮಡಿಕೆಯಲ್ಲಿ ಗಟ್ಟಿಯಾಗಿ ಕೂತಿದ್ದ ಹಳೇ ಹಿಟ್ಟನ್ನು ಉಗುರಿನಿಂದ ಕೆರೆದು ನೋಡಿದರು. ನಾನು ಕಂಬ ಹಿಡಿದು, ಶ್ರೀ ಇಲ್ಲದ್ದರಿಂದ ಹಿಡಿದು ಚಪ್ಪಲಿ ಕಾದದ್ದರವರೆಗೆ, ಎಲ್ಲ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು.

ಕನ್ನಡಕ ತೆಗೆದು ಕೇಳಿದರು: "ಇದನ್ನ ಬಾಷಾ ತಂದ್ಕೊಟ್ಟಿದ್ರಾ?"

"ನನ್ನ ಕೈಗೇ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಎದ್ದರು. ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. ಗುಂಡಿಗಳು ಮೇಲೆ ಕೆಳಗಾದವು, ಬಿಚ್ಚಿ ಮತ್ತೆ ಹಾಕಿದರು. ಬಾಷಾ ಸಾಬರು ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಮಗನ ಸೈಕಲ್ ಅಂಗಡಿಯಲ್ಲಿ ಕೂರುತ್ತಾರೆ. ಕಣ್ಣು ಸರಿಯಾಗಿ ಕಾಣುವುದಿಲ್ಲ.

"ನಾನೂ ಬರ್ಲಾ?" ಅಂದೆ.

"ನಿನ್ನ ಮಾತು ನೀನು ಹೇಳ್ಬೇಕು, ನಾಳೆ ಹೋಗಿ ಹೇಳು. ಇವತ್ತು ನಂದಿದೆ" ಅಂದರು. ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕೋಲು ಹಿಡಿದು ಮೆಟ್ಟಿಲಿಳಿದರು. ತಿರುಗಿ ನೋಡಲಿಲ್ಲ.

ನಾನು ಒಳಗೆ ಬಂದು ಉಳಿದ ಹಿಟ್ಟನ್ನು ಜರಡಿ ಹಿಡಿದು ಮುಗಿಸಿದೆ. ಒಲೆ ಹಚ್ಚಿದೆ. ಮಗನ ಸಂಸಾರ ಪೇಟೆಯಲ್ಲೇ ತಿಂದು ಬರುತ್ತದೆ, ಮನೆಯಲ್ಲಿ ಉಣ್ಣುವವರು ನಾವಿಬ್ಬರೇ. ಅವರು ಒಬ್ಬರೇ ಬರುತ್ತಾರೋ, ಬಾಷಾ ಸಾಬರನ್ನೂ ಕೈಹಿಡಿದು ಕರೆತರುತ್ತಾರೋ, ಬಂದು ನನ್ನ ಜೊತೆ ಮಾತಾಡುತ್ತಾರೋ ಇಲ್ಲವೋ, ಏನೂ ತಿಳಿಯದು. ಮೂವರ ಮುದ್ದೆಗೆ ಎಸರಿಟ್ಟೆ.