ಅಕ್ಕನ ಕೈ ಮತ್ತು ಬಿಳಿ ನೊಣ

ಚನ್ನರಾಯನದುರ್ಗದ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಹೋದದ್ದು ಮಹಾರಾಜರ ಕಾಲದಲ್ಲಿ. ಸಸಿಮಡಿಯಲ್ಲಿ ಹೊಗೆಸೊಪ್ಪಿನ ಸಸಿ ಬೆಳೆಸುವುದು, ಕಿತ್ತು ಹೊಲಕ್ಕೆ ನೆಡುವುದು, ಎಲ್ಲಕ್ಕೂ ನನ್ನ ಓರಗಿತ್ತಿಯೇ ಮುಂದು. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಮರುವರ್ಷ ಅವಳ ಗಂಡ, ನನ್ನ ಭಾವ, ಜ್ವರದಿಂದ ತೀರಿಕೊಂಡರು. ಆ ಸಲವೇ ಸೊಪ್ಪಿಗೆ ರೋಗ ಬಿತ್ತು. ಎಲೆಗಳು ಸುರುಟಿಕೊಂಡು, ಅಡಿಯ ನರಗಳು ಉಬ್ಬಿ, ಗಿಡ ಮೊಣಕಾಲುದ್ದಕ್ಕೇ ನಿಂತುಬಿಟ್ಟಿತು.

"ಮುಂಡೆ ಕೈ ಮುಟ್ಟಿದ್ರೆ ಇನ್ನೇನಾಯ್ತದೆ?" ಎಂದರು ಅತ್ತೆ, ಅಕ್ಕನಿಗೆ ಕೇಳಲಿ ಎಂದೇ.

ಬೇಸಾಯದ ಇಲಾಖೆಯಿಂದ ಒಬ್ಬ ಅಧಿಕಾರಿ ನೋಡಲು ಬಂದರು. "ಇದು ವೈರಸ್ ಇರಬಹುದು. ಕಣ್ಣಿಗೆ ಕಾಣೋದಲ್ಲ. ಇಂಥ ಕಾಯಿಲೆ ಕೆಲವು ನೊಣದಿಂದ ಬರ್ತವೆ, ಕೆಲವು ರೋಗದ ಗಿಡ ಮುಟ್ಟಿದ ಕೈಯಿಂದ. ಪರೀಕ್ಷೆ ಮಾಡದೆ ಹೇಳೋಕಾಗೋಲ್ಲ" ಎಂದರು.

ಮಾವ ಹಿಡಿದುಕೊಂಡದ್ದು ಕೈಯ ಮಾತನ್ನು ಮಾತ್ರ. ಅಂದಿನಿಂದ ಅಕ್ಕ ಹೊಲಕ್ಕೆ ಕಾಲಿಡುವಂತಿರಲಿಲ್ಲ. ಕೊಟ್ಟಿಗೆ ಬಾಚಿ, ರಾಗಿ ಬೀಸಿ, ಮೂಲೆಯಲ್ಲಿ ಕೂರುತ್ತಿದ್ದಳು.

ಅಧಿಕಾರಿ ಮತ್ತೆ ಬಂದು ನಮ್ಮ ಹಿತ್ತಲಲ್ಲಿ ತೆಳುಬಟ್ಟೆ ಹೊದಿಸಿದ ಎರಡು ಗೂಡು ಕಟ್ಟಿಸಿದರು. ರೋಗವಿಲ್ಲದ ಸಸಿಗಳನ್ನು ಅವರೇ ತಂದಿದ್ದರು. ಮಜ್ಜಿಗೆ ಕೊಡುವ ನೆಪದಲ್ಲಿ ಹತ್ತಿರ ಹೋಗಿ, "ಎರಡ್ರಲ್ಲೂ ನಮ್ಮಕ್ಕನೇ ನೆಡ್ಲಿ ಸ್ವಾಮಿ" ಎಂದೆ. ಅತ್ತೆ ಗುರುಗುಟ್ಟಿದರು. ಅಧಿಕಾರಿ ಮಾತ್ರ ಒಪ್ಪಿದರು. ರೋಗದ ಎಲೆಗಳನ್ನು ಅಕ್ಕನಿಗೆ ಕೊಟ್ಟು, "ಇದನ್ನ ಚೆನ್ನಾಗಿ ಹಿಚುಕಿ, ಅದೇ ಕೈಯಲ್ಲಿ ಸಸಿಗಳ ಎಲೆ ಉಜ್ಜಿ ನೆಡಿ" ಎಂದರು.

ಅಕ್ಕ ಅಂಗೈ ಹಸಿರಾಗುವವರೆಗೂ ಹಿಚುಕಿ, ಎಲೆ ಉಜ್ಜಿ, ಎರಡೂ ಗೂಡಿನಲ್ಲಿ ಸಸಿ ನೆಟ್ಟಳು. ಆಮೇಲೆ ಅವರು ರೋಗದ ಗಿಡಗಳಿಂದ ಹಿಡಿದ ಬಿಳಿ ನೊಣಗಳನ್ನು ಒಂದು ಗೂಡಿಗೆ ಮಾತ್ರ ಬಿಟ್ಟರು.

ಕೆಲವು ವಾರಗಳಲ್ಲಿ ನೊಣ ಬಿಟ್ಟ ಗೂಡಿನ ಗಿಡಗಳೆಲ್ಲ ಸುರುಟಿದವು. ಇನ್ನೊಂದರಲ್ಲಿ ಎಲೆಗಳು ಅಗಲವಾಗಿ ಹರಡಿಕೊಂಡಿದ್ದವು. ಅಧಿಕಾರಿ ಎರಡನ್ನೂ ಮನೆಯವರಿಗೆ ತೋರಿಸಿ, "ಈ ರೋಗ ಕೈಯಿಂದ ಬರೋದಲ್ಲ. ಬಿಳಿ ನೊಣ ತರೋದು" ಎಂದರು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಗಂಡ ಸತ್ತ ಮೇಲೆ ಅವಳ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಕಂಡಿರಲಿಲ್ಲ.

ಅದು ಅಧಿಕಾರಿ ಊರು ದಾಟುವವರೆಗಷ್ಟೇ ಉಳಿಯಿತು.

"ನೊಣ ತತ್ತದಂತೆ! ಆ ನೊಣ ನಮ್ ಹೊಲ್ಕೇ ಯಾಕ್ ಬಂತು? ಇವ್ಳ್ ಕಾಲ್ಗುಣಕ್ಕೆ ಬಂತು ಕಣ್ಲಾ" ಎಂದರು ಅತ್ತೆ ನನ್ನ ಗಂಡನಿಗೆ. ಮಾವ ತಲೆಯಾಡಿಸಿದರು. ನನ್ನ ಗಂಡ ಎದ್ದು ಎತ್ತುಗಳಿಗೆ ಹುಲ್ಲು ಹಾಕಲು ಹೋದರು. ಮರುದಿನ ಪಾವಗಡದ ಕಡೆಯ ಅಕ್ಕನ ಅಣ್ಣನಿಗೆ, ಬಂದು ಕರೆದುಕೊಂಡು ಹೋಗು ಎಂದು ಹೇಳಿಕಳುಹಿಸಿದರು. ಅವನು ಗಾಡಿ ಹೂಡಿಕೊಂಡು ಬಂದ. ಗಾಡಿ ಹತ್ತುವಾಗ ಅಕ್ಕ, "ಸಾಕು ಬುಡಮ್ಮಿ, ನನ್ ಪರ್ವಾಗಿ ಮಾತಾಡಿ ನೀನೂ ಬೈಸ್ಕೋಬೇಡ" ಎಂದಳು.

ಅಧಿಕಾರಿ ಹೇಳಿದಂತೆ ಮಾವ ಹೊಲದಲ್ಲಿ ಉಳಿದಿದ್ದ ಹಳೇ ಕೂಳೆಯನ್ನೂ ರೋಗದ ಗಿಡಗಳನ್ನೂ ಕಿತ್ತು ಸುಡಿಸಿದರು, ಸಸಿಮಡಿಗೆ ತೆಳುಬಟ್ಟೆ ಹೊದಿಸಿದರು. ಮರುವರ್ಷ ಸೊಪ್ಪು ಚೆನ್ನಾಗಿ ಬಂತು. "ಅವ್ಳು ಹೋದ್ಲು, ಸೊಪ್ಪು ನೆಟ್ಗಾಯ್ತು" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಅಧಿಕಾರಿ ಬೆಳೆ ನೋಡಲು ಬಂದಾಗ, "ಅವತ್ತು ಸಸಿ ನೆಟ್ಟ ಆಕೆ ಎಲ್ಲಿ?" ಎಂದು ವಿಚಾರಿಸಿದರು.

"ತವ್ರಿಗೆ ಹೋಗವ್ಳೆ" ಎಂದರು ಮಾವ.

"ಹೋಗಿಲ್ಲ ಸ್ವಾಮಿ, ಓಡ್ಸಿದ್ರು. ಸೊಪ್ಪು ಸುರುಟ್ಕೊಂಡಿದ್ದು ಅವಳಿಂದ ಅಂತ" ಎಂದೆ ನಾನು.

ಅಧಿಕಾರಿ ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ಅದರ ನರಗಳನ್ನೇ ನೋಡಿದರು. "ಮನೆ ವಿಷಯ ನಮಗ್ಯಾಕಮ್ಮ" ಎಂದು ಸೈಕಲ್ ಹತ್ತಿ ಹೊರಟುಬಿಟ್ಟರು.